ದೋಣಿ ಕಾಣದ ಕೆರೆಗಳು

ಉತ್ತರ ಅಮೆರಿಕದ ಮೂಲನಿವಾಸಿಗಳು ಬರ್ಚ್ ಮರದ ತೊಗಟೆಯಿಂದ ಕಟ್ಟುತ್ತಿದ್ದ ‘ಕನೂ’ ಎಂಬ ದೋಣಿ ಬಲು ಹಗುರ. ಒಂದು ಸರೋವರ ದಾಟಿದ ಮೇಲೆ ಅದನ್ನು ಹೆಗಲಿಗೇರಿಸಿಕೊಂಡು ಮುಂದಿನ ಸರೋವರಕ್ಕೆ ನಡೆಯಬಹುದು. ರಾತ್ರಿ ದಡದಲ್ಲಿ ಬೋರಲು ಹಾಕಿದರೆ ಅದೇ ಸೂರು. ಕೆನಡಾದವರು 1893ರಲ್ಲಿ ಮೀಸಲಾಗಿಟ್ಟ ಅಲ್ಗಾಂಕ್ವಿನ್ ಅರಣ್ಯದಲ್ಲಿ ಇಂದಿಗೂ ಜನ ಹೀಗೆ ದೋಣಿಯೊಡನೆ ಬಿಡಾರ ಹೂಡಿ ರಜೆ ಕಳೆಯುತ್ತಾರೆ. ಕೆರೆಗಳ ಊರೆಂದು ಹೆಸರಾಗಿದ್ದ ನಮ್ಮ ಬೆಂಗಳೂರಿನಲ್ಲಿ ಇಂಥ ವಿನೋದವೇಕೆ ಬೆಳೆಯಲಿಲ್ಲವೆಂದು ಯಾರಿಗಾದರೂ ಅನ್ನಿಸೀತು.

ನಮ್ಮವರಿಗೆ ರಸಿಕತೆ ಸಾಲದು ಎಂದು ಉತ್ತರ ಕೊಡುವವರುಂಟು. ಅದು ಅವಸರದ ಮಾತು. ಬೆಂಗಳೂರಿನ ನೆಲವೇ ಬೇರೆ. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಊರು ಕುಳಿತಿದೆ. ದಿಣ್ಣೆಯ ಒಂದು ಮಗ್ಗುಲಿಗೆ ಬಿದ್ದ ಮಳೆ ವೃಷಭಾವತಿಯ ಮೂಲಕ ಅರ್ಕಾವತಿಗೂ ಅಲ್ಲಿಂದ ಕಾವೇರಿಗೂ ಹೋಗುತ್ತದೆ. ಇನ್ನೊಂದು ಮಗ್ಗುಲಿನದು ದಕ್ಷಿಣ ಪಿನಾಕಿನಿಗೆ. ತಾನಾಗಿ ನಿಲ್ಲುವ ನೀರು ಇಲ್ಲಿಲ್ಲ. ಕಣಿವೆಗೆ ಅಡ್ಡಲಾಗಿ ಏರಿ ಹಾಕಿ ಹರಿಯುವ ಮಳೆಯನ್ನು ತಡೆದು ನಿಲ್ಲಿಸಿದ್ದೇ ಕೆರೆ. ಕೆಂಪೇಗೌಡ 1537ರಲ್ಲಿ ಕೋಟೆ ಕಟ್ಟಿದಾಗ ಕೆರೆಗಳನ್ನೂ ಕಟ್ಟಿಸಿದನೆಂಬುದಕ್ಕೆ ಕಾರಣ ಇದೇ. ಅಂಥ ಕೆರೆಯೆಂದರೆ ಊರಿನ ಹಗೇವು ಇದ್ದಂತೆ. ತೂಬು ಎತ್ತಲು ನೀರುಗಂಟಿ, ಕೆಳಗೆ ಗದ್ದೆ, ಕುಡಿಯುವ ನೀರಿಗೆ ಬರುವ ಕೊಡಗಳು. ಬೇಸಗೆಯ ಹೊತ್ತಿಗೆ ಅರ್ಧ ಅಂಗಳ ಒಣಗಿ ದನ ಮೇಯುವ ಜಾಗವಾಗುತ್ತಿತ್ತು. ಆಚೆ ದಡಕ್ಕೆ ಹೋಗಬೇಕಾದವನಿಗೆ ಏರಿಯ ಮೇಲಿನ ದಾರಿ ಇದ್ದೇ ಇತ್ತು. ಇನ್ನು ದೋಣಿಯಾದರೂ ಏಕೆ?

ದೋಣಿಯ ಕೆಲಸವೆಲ್ಲ ಹೊಳೆಯಲ್ಲಿತ್ತು. ಬಿದಿರು ಹೆಣೆದು ಚರ್ಮ ಹೊದಿಸಿದ ನಮ್ಮ ಹರಿಗೋಲು ಕನೂವಿಗೆ ಏನೂ ಕಡಿಮೆಯದಲ್ಲ. ಅದನ್ನೂ ತಲೆಯ ಮೇಲೆ ಹೊತ್ತು ಒಯ್ಯಬಹುದು, ಅದನ್ನೂ ಬೋರಲು ಹಾಕಿ ಅಡಿಯಲ್ಲಿ ಮಲಗಬಹುದು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಆನೆಗೊಂದಿಗೆ ಜನರನ್ನು ದಾಟಿಸುತ್ತಿದ್ದ ಬುಟ್ಟಿಯಾಕಾರದ ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. 1803ರ ಮರಾಠಾ ಯುದ್ಧದಲ್ಲಿ ಆರ್ಥರ್ ವೆಲ್ಲೆಸ್ಲಿಯೂ ತನ್ನ ದಂಡು ಹೊಳೆ ದಾಟಲು ಇಂಥ ಬುಟ್ಟಿದೋಣಿಗಳನ್ನೇ ಮಾಡಿಸಿದ. ಆದರೆ ತುಂಗಭದ್ರೆಯ ಹರಿಗೋಲಿಗೆ ಕೆಂಪಾಂಬುಧಿಯಲ್ಲಿ ಉದ್ಯೋಗವಿರಲಿಲ್ಲ.

ಬಿಡಾರದ ಮಾತು ಬೇರೆ. ಅದು ಕೆರೆಯ ಮಗ್ಗುಲಲ್ಲಿ ಧಾರಾಳವಾಗಿ ನಡೆದಿತ್ತು. ಶ್ರೀರಂಗಪಟ್ಟಣದ ಜ್ವರಕ್ಕೆ ಹೆದರಿದ ಇಂಗ್ಲಿಷರ ಸೈನ್ಯ 1809ರಲ್ಲಿ ಬಂದು ತಂಗಿದ್ದು ಹಲಸೂರು ಕೆರೆಯ ಆಸುಪಾಸಿನಲ್ಲಿ. ಆ ಬಿಡಾರ ಮತ್ತೆ ಏಳಲೇ ಇಲ್ಲ. ದಂಡು ಪ್ರದೇಶವೆಂಬ ಇನ್ನೊಂದು ಊರೇ ಆಯಿತು. ಮುಂದೆ ಮದ್ರಾಸ್ ಸ್ಯಾಪರ್ಸ್ ಪಡೆಯ ಸೈನಿಕರಿಗೆ ಅದೇ ಕೆರೆ ದೋಣಿಯ ಗರಡಿಮನೆಯೂ ಆಯಿತು. ನಮ್ಮ ಪೇಟೆಯ ಜನ ಕಂಡ ಬಿಡಾರವಾದರೋ ವಿನೋದದ್ದಲ್ಲ. 1898ರ ಪ್ಲೇಗಿನಲ್ಲಿ ಮನೆಗೆ ಬೀಗ ಜಡಿದು ಬಯಲಿನ ಗುಡಿಸಲುಗಳಿಗೆ ಓಡಿದ್ದು ಅದು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಹುಟ್ಟಿದ್ದು ಆ ಭಯದ ಬೆನ್ನಿಗೇ. ಹಿಂದಿನ ತಲೆಮಾರಿನವರ ಮುಂದೆ ‘ಕ್ಯಾಂಪು’ ಎಂದರೆ ಮುಖ ಸಪ್ಪಗಾಗುತ್ತಿದ್ದುದರಲ್ಲಿ ಆಶ್ಚರ್ಯವೇನು!

ಅಷ್ಟು ಹೊತ್ತಿಗೆ ಕೆರೆಗಳ ದೆಸೆಯೂ ತಿರುಗಿತ್ತು. ನೀರಿನ ಅಭಾವಕ್ಕೆ ಆಸರೆಯಾಗಲೆಂದು ಕರ್ನಲ್ ರಿಚರ್ಡ್ ಸ್ಯಾಂಕಿ 1882ರಲ್ಲಿ ಮಲ್ಲೇಶ್ವರದ ಮಗ್ಗುಲಿನ ಕೆರೆಯನ್ನು ಕಟ್ಟಿಸಿದ. ಅದಾಗಿ ಹದಿನೈದು ವರ್ಷ ಕಳೆಯುವುದರೊಳಗೆ ಅರ್ಕಾವತಿಗೆ ಅಡ್ಡ ಕಟ್ಟಿದ ಹೆಸರಘಟ್ಟದ ನೀರು ಕೊಳವೆಯಲ್ಲಿ ಊರಿಗೆ ಬಂತು. ನಲ್ಲಿ ತಿರುಗಿಸಿದರೆ ನೀರು ಬರುವಾಗ ಏರಿಯ ಬಿರುಕನ್ನು ನೋಡುವವರು ಯಾರು? ಧರ್ಮಾಂಬುಧಿ ಒಣಗಿ ಮೈದಾನವಾಗಿ, ಕೊನೆಗೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಬಸವನಗುಡಿಯ ಕಾರಂಜಿ ಕೆರೆ ಆಂಜನೇಯನ ಗುಡಿಗೆ ಹೆಸರನ್ನಷ್ಟೇ ಬಿಟ್ಟುಹೋಯಿತು. ಗವಿಪುರದ ಬಳಿಯ ಕೆಂಪಾಂಬುಧಿ ಉಳಿದುಕೊಂಡಿತಾದರೂ ಸುತ್ತಲಿನ ಕೊಳಚೆಯನ್ನು ಬಹುಕಾಲ ಕುಡಿಯಬೇಕಾಯಿತು. ಹಳೆಯವರು ಕೆರೆಯಲ್ಲಿ ವಿಹರಿಸಲಿಲ್ಲ, ನಿಜ. ಆದರೆ ಅದಕ್ಕೆ ಒಡೆಯರಾಗಿದ್ದರು. ನೀರು ವಿಹಾರಕ್ಕೆ ಚೆನ್ನಾಗಿ ಕಾಣತೊಡಗಿದ್ದು ಒಡೆಯರು ಕೈಬಿಟ್ಟ ಮೇಲೆ.

ಹಾಗೆಂದು ಈ ನೀರಿನ ಮೇಲೆ ಏನೂ ತೇಲಲೇ ಇಲ್ಲವೆನ್ನುವಂತಿಲ್ಲ. ದೇವರಿಗೆ ಮಾತ್ರ ಆ ಹಕ್ಕಿತ್ತು. ದೀಪಗಳಿಂದ ಸಿಂಗರಿಸಿದ ತೆಪ್ಪದಲ್ಲಿ ಉತ್ಸವಮೂರ್ತಿಯನ್ನು ಕೂರಿಸಿ ನೀರಿನಲ್ಲಿ ಸುತ್ತಿಸುವ ತೆಪ್ಪೋತ್ಸವ ನಮ್ಮ ದೇವಾಲಯಗಳ ಹಳೆಯ ಪದ್ಧತಿ. ತೆಪ್ಪ ತೇಲಬೇಕಾದರೆ ಕೆರೆ ತುಂಬಿರಬೇಕು. ಮಳೆ ಬಂದು ಏರಿ ನಿಂತಿರಬೇಕು. ಬಸವನಗುಡಿಯ ಕಡಲೆಕಾಯಿ ಪರಿಷೆ ಕಾರ್ತಿಕದ ಕೊನೆಯ ಸೋಮವಾರಕ್ಕೆ ಬೀಳುವುದೂ ಮಳೆಗಾಲ ಮುಗಿದ ಮೇಲೆಯೇ. ಈಚಿನ ವರ್ಷಗಳಲ್ಲಿ ಪರಿಷೆಯ ಸಂದರ್ಭದಲ್ಲಿ ಕೆಂಪಾಂಬುಧಿಯಲ್ಲಿ ಮತ್ತೆ ತೆಪ್ಪೋತ್ಸವ ನಡೆದಿದೆ. ಕಡಲೆಕಾಯಿಯ ಪೊಟ್ಟಣ ಹಿಡಿದ ಜನ ಏರಿಯ ಮೇಲೆ ನಿಂತು ನೋಡಿದ್ದಾರೆ.