‘ಟೋಕಿಯೊ ಸ್ಟೋರಿ’: ಗಾಳಿದಿಂಬಿನ ಹುಡುಕಾಟದಿಂದ ಜಗತ್ತಿನ ಮೆಚ್ಚುಗೆವರೆಗೆ

ಒನೊಮಿಚಿ ಎಂಬ ಕಡಲೂರಿನ ಮನೆಯೊಂದರಲ್ಲಿ ವಯಸ್ಸಾದ ಗಂಡ ಹೆಂಡತಿ ಟೋಕಿಯೊದಲ್ಲಿರುವ ಮಕ್ಕಳನ್ನು ನೋಡಲು ಪ್ರಯಾಣಕ್ಕೆ ಅಣಿಯಾಗುತ್ತಿದ್ದಾರೆ. ಗಾಳಿದಿಂಬು ಕಾಣುತ್ತಿಲ್ಲ. ನಿನಗೇ ಕೊಟ್ಟಿದ್ದೆನಲ್ಲ ಎನ್ನುತ್ತಾನೆ ಗಂಡ. ನನ್ನ ಹತ್ತಿರ ಇಲ್ಲ ಎನ್ನುತ್ತಾಳೆ ಹೆಂಡತಿ. ಕೊನೆಗೆ ಅದು ಸಿಕ್ಕುವುದು ಅವನ ಸಾಮಾನಿನ ನಡುವೆಯೇ. ಯಸುಜಿರೊ ಓಜು ಅವರ ‘ಟೋಕಿಯೊ ಸ್ಟೋರಿ’ ಶುರುವಾಗುವುದು ಇಷ್ಟು ಸಣ್ಣ ಸಂಗತಿಯಿಂದ. ಇದನ್ನು ಸಣ್ಣ ಸಂಗತಿಯಾಗಿಯೇ ನೋಡಿ ಮೆಚ್ಚಲು ಹೊರಗಿನ ಜಗತ್ತಿಗೆ ದಶಕಗಳೇ ಹಿಡಿದವು.

ಚಿತ್ರ ತೆರೆಕಂಡದ್ದು 1953ರ ನವೆಂಬರ್‌ನಲ್ಲಿ. ಯುದ್ಧ ಮುಗಿದು ಎಂಟು ವರ್ಷವಾಗಿತ್ತು. ಆ ಎಂಟು ವರ್ಷವೂ ಕಥೆಯೊಳಗಿದೆ: ನಡುವಿನ ಮಗ ಯುದ್ಧದಿಂದ ಮರಳಿಲ್ಲ, ಅವನ ಹೆಂಡತಿ ನೊರಿಕೊ ಟೋಕಿಯೊದ ಒಂದು ಕೋಣೆಯ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಅತ್ತೆ ಮಾವ ಬಂದಾಗ ಪಕ್ಕದ ಮನೆಯಿಂದ ಸಾಕೆ ಎಂಬ ಮದ್ಯವನ್ನು ಕಡ ತಂದು ಉಪಚರಿಸುವವಳು ಈ ಸೊಸೆಯೇ. ಜಪಾನಿನ ವಿಮರ್ಶಕರು ಚಿತ್ರವನ್ನು ಮೆಚ್ಚಿದರು. ‘ಕಿನೆಮಾ ಜುನ್ಪೊ’ ಪತ್ರಿಕೆಯ ಆ ವರ್ಷದ ಪಟ್ಟಿಯಲ್ಲಿ ಅದಕ್ಕೆ ಎರಡನೆಯ ಸ್ಥಾನ, ಮೊದಲನೆಯದು ತದಾಶಿ ಇಮಾಯಿ ಅವರ ‘ನಿಗೊರಿಯೆ’ಗೆ. ಅಲ್ಲಿನವರಿಗೆ ಓಜು ಹೊಸಬರೇನಲ್ಲ. 1927ರಿಂದಲೂ ಸಿನಿಮಾ ಮಾಡುತ್ತಿದ್ದ, ಕುಟುಂಬದ ಕಥೆಗಳಲ್ಲಿ ಪಳಗಿದ ಕೈ.

ಹೊರದೇಶಕ್ಕೆ ಹೋದವು ಬೇರೆ ಚಿತ್ರಗಳು. 1951ರಲ್ಲಿ ಜಪಾನಿನ ಮತ್ತೊಬ್ಬ ನಿರ್ದೇಶಕ ಕುರೊಸಾವರ ‘ರಾಶೊಮೊನ್’ ವೆನಿಸ್ ಚಿತ್ರೋತ್ಸವದಲ್ಲಿ ಗೆದ್ದ ಮೇಲೆ, ಪಶ್ಚಿಮದವರಿಗೆ ಬೇಕಿರುವುದು ಕತ್ತಿ, ಕಿಮೊನೊ, ಹಳೆಯ ಕಾಲ ಎಂದು ವ್ಯಾಪಾರಿಗಳು ತೀರ್ಮಾನಿಸಿಬಿಟ್ಟರು. ಓಜು ತೀರಾ ಜಪಾನಿ, ಬೇರೆಯವರಿಗೆ ಅರ್ಥವಾಗುವುದಿಲ್ಲ ಎಂಬ ಮಾತು ಗಟ್ಟಿಯಾಯಿತು. ಹೆತ್ತವರಿಗೆ ಹೊತ್ತು ಕೊಡಲಾಗದ ಮಕ್ಕಳ ಕಥೆ ಯಾರಿಗೆ ಅರ್ಥವಾಗುವುದಿಲ್ಲ? ಚಿತ್ರಕಥೆಯ ಹಿಂದೆ ಲಿಯೊ ಮೆಕ್‌ಕ್ಯಾರಿಯವರ 1937ರ ಅಮೆರಿಕನ್ ಚಿತ್ರ ‘ಮೇಕ್ ವೇ ಫಾರ್ ಟುಮಾರೊ’ದ ನೆರಳಿತ್ತು ಎಂಬುದನ್ನು ನೆನೆದರೆ ಆ ಮಾತು ಎಷ್ಟು ಪೊಳ್ಳು ಎಂದು ತಿಳಿಯುತ್ತದೆ.

1958ರಲ್ಲಿ ಲಂಡನ್ನಿನಲ್ಲಿ ಚಿತ್ರಕ್ಕೆ ಮೊಟ್ಟಮೊದಲ ಸದರ್ಲೆಂಡ್ ಟ್ರೋಫಿ ಪ್ರಶಸ್ತಿ ಸಂದಿತು. ಆದರೆ ನ್ಯೂಯಾರ್ಕಿನ ಚಿತ್ರಮಂದಿರಕ್ಕೆ ಬಂದದ್ದು 1972ರಲ್ಲಿ. ಓಜು ತೀರಿಕೊಂಡು ಆಗಲೇ ಎಂಟು ವರ್ಷ ದಾಟಿತ್ತು.

ಅದೇ 1972ರಲ್ಲಿ ಪಾಲ್ ಶ್ರೇಡರ್ ಅವರ ಪುಸ್ತಕ, 1974ರಲ್ಲಿ ಡೊನಾಲ್ಡ್ ರಿಚೀ ಅವರ ಪುಸ್ತಕ ಬಂದವು. ಓಜುವನ್ನು ಪಶ್ಚಿಮಕ್ಕೆ ಪರಿಚಯಿಸಿದ ದೊಡ್ಡ ಉಪಕಾರ ಇವರದು. ಆದರೂ ನನಗೊಂದು ತಕರಾರಿದೆ. ಕೆಳಗಿಟ್ಟ ಕ್ಯಾಮೆರಾ, ಅಲುಗದ ಚೌಕಟ್ಟು, ನಡುನಡುವೆ ಬರುವ ಹೊಗೆಗೊಳವೆ, ಒಣಹಾಕಿದ ಬಟ್ಟೆ ಎಲ್ಲಕ್ಕೂ ಝೆನ್ ಹೆಸರು ಅಂಟಿಕೊಂಡಿತು. ವ್ಯಾಪಾರಿಗಳು ತೀರಾ ಜಪಾನಿ ಎಂದು ದೂರವಿಟ್ಟಿದ್ದನ್ನೇ ಅಭಿಮಾನಿಗಳು ತೀರಾ ಜಪಾನಿ ಎಂದು ಪೂಜಿಸಿದರು. ಎರಡರಲ್ಲೂ ಆ ಮುದುಕ ಮುದುಕಿ ನಮ್ಮಿಂದ ದೂರವೇ ಉಳಿದರು.

ದಾರಿ ತಿರುಗಿದ್ದು 1980ರ ದಶಕದಲ್ಲಿ. 1983ರ ತಮ್ಮ ಪುಸ್ತಕದಲ್ಲಿ ಜಪಾನಿನ ವಿಮರ್ಶಕ ಶಿಗೆಹಿಕೊ ಹಸುಮಿ ಕೇಳಿದ್ದು ಸರಳ ಪ್ರಶ್ನೆ: ಪರದೆಯ ಮೇಲೆ ನಿಜಕ್ಕೂ ಏನಿದೆ? ಊಟವಿದೆ, ಬಟ್ಟೆ ಬದಲಿಸುವುದಿದೆ, ಬಿಸಿಲಿದೆ. 1988ರಲ್ಲಿ ಸಿನಿಮಾ ವಿದ್ವಾಂಸ ಡೇವಿಡ್ ಬೋರ್ಡ್‌ವೆಲ್ ಒಂದೊಂದೇ ಶಾಟ್ ಬಿಡಿಸಿ ನೋಡಿದರು. ಓಜು ಕ್ಯಾಮೆರಾ ಚಾಪೆಯ ಮೇಲೆ ಕೂತವನ ಕಣ್ಣು ಎಂಬ ಹಳೆಯ ನಂಬಿಕೆಯನ್ನು ಅವರು ಒಪ್ಪಲಿಲ್ಲ. ಅದು ಎಷ್ಟೋ ಕಡೆ ಆ ಕಣ್ಣಿಗಿಂತಲೂ ಕೆಳಗಿರುತ್ತದೆ. ಹಾಲಿವುಡ್ಡನ್ನು ಪ್ರೀತಿಸಿದ, ಹಟದ ಕಸುಬುದಾರ ಓಜು ಹೀಗೆ ಕಣ್ಣಿಗೆ ಬಿದ್ದರು. ನಮ್ಮ ಗಿರೀಶ ಕಾಸರವಳ್ಳಿಯವರೂ ತಮ್ಮ ಮೇಲಿನ ಓಜು ಪ್ರಭಾವವನ್ನು ಹೇಳಿಕೊಂಡಿದ್ದಾರೆ.

ಬಳಿಕ ಪಟ್ಟಿಗಳ ಕಾಲ. ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ಹತ್ತು ವರ್ಷಕ್ಕೊಮ್ಮೆ ನಡೆಸುವ ಸಮೀಕ್ಷೆಯಲ್ಲಿ ವಿಮರ್ಶಕರು 1992ರಲ್ಲಿ ಇದಕ್ಕೆ ಮೂರನೆಯ ಸ್ಥಾನ ಕೊಟ್ಟರು. 2012ರಲ್ಲಿ ನಿರ್ದೇಶಕರ ಪಟ್ಟಿಯಲ್ಲಿ ಮೊದಲನೆಯ ಸ್ಥಾನ. ಮೂಲ ನೆಗೆಟಿವ್ ಬೆಂಕಿಯಲ್ಲಿ ಸುಟ್ಟುಹೋದ ಚಿತ್ರವಿದು. ಜಗತ್ತು ತಲೆಯ ಮೇಲಿಟ್ಟುಕೊಂಡದ್ದು ಉಳಿದ ಪ್ರತಿಗಳನ್ನು.

ಇಂದಿನ ನೋಡುಗರು ಹೆಚ್ಚು ವಾದಿಸುವುದು ಹಿರಿಮಗಳು ಶಿಗೆ ಬಗ್ಗೆ. ಗಂಡ ತಂದ ಒಳ್ಳೆಯ ಕೇಕನ್ನು ಅಪ್ಪ ಅಮ್ಮನಿಗೆ ಕೊಡುವುದು ದಂಡ ಎನ್ನುವವಳು. ಅಮ್ಮನ ಅಂತ್ಯಕ್ರಿಯೆ ಮುಗಿದ ಕೂಡಲೇ ನೆನಪಿಗೆಂದು ಅವಳ ಕಿಮೊನೊವನ್ನು, ಸೊಂಟಪಟ್ಟಿಯನ್ನು ಕೇಳುವವಳು. ಹರುಕೊ ಸುಗಿಮುರಾ ಆ ಪಾತ್ರವನ್ನು ಎಷ್ಟು ಚುರುಕಾಗಿ ಮಾಡಿದ್ದಾರೆಂದರೆ ಮೊದಲ ಸಲ ನೋಡಿದಾಗ ನನಗೆ ಮೈ ಉರಿದಿತ್ತು. ಮತ್ತೆ ನೋಡಿದಾಗ ಬೇರೆಯದು ಕಂಡಿತು: ತಾಯಿಯ ಹಾಸಿಗೆಯ ಪಕ್ಕ ತಡೆಯಲಾರದೆ ಗಟ್ಟಿಯಾಗಿ ಅತ್ತವಳೂ ಅವಳೇ. ಅತ್ತು, ಕಣ್ಣೊರೆಸಿಕೊಂಡು, ಮುಂದಿನ ಕೆಲಸಕ್ಕೆ ಎದ್ದವಳು. ಟೋಕಿಯೊದಲ್ಲಿ ತನ್ನ ಅಂಗಡಿ ಬಿಟ್ಟು ಬಂದಿದ್ದಾಳೆ, ಮರಳುವ ರೈಲು ಹಿಡಿಯಬೇಕು.