ಕಿರ್ದಿ ಪುಸ್ತಕದಿಂದ ಟ್ಯಾಲಿಯವರೆಗೆ

ಬೆಂಗಳೂರಿನ ತಂತ್ರಾಂಶ ಉದ್ಯಮದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ 1983ರಲ್ಲಿ ಪುಣೆಯಿಂದ ಇಲ್ಲಿಗೆ ಬಂದ ಇನ್ಫೋಸಿಸ್‌ನಿಂದಲೋ 1985ರಲ್ಲಿ ಬಂದು ನೆಲೆಯೂರಿದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಿಂದಲೋ ಆರಂಭಿಸುತ್ತಾರೆ. ಆ ಸಂಸ್ಥೆಗಳು ದುಡಿದದ್ದು ಬಹುಪಾಲು ಸಮುದ್ರದಾಚೆಯ ಗಿರಾಕಿಗಳಿಗಾಗಿ. ಅದೇ ಊರಿನಲ್ಲಿ, ಅದೇ ದಶಕದಲ್ಲಿ ಹುಟ್ಟಿದ ಇನ್ನೊಂದು ಕಂಪನಿಯಾದರೋ ತುಮಕೂರಿನ ಮಂಡಿಪೇಟೆಯ ವರ್ತಕರನ್ನೂ, ಗುಬ್ಬಿಯ ಅಡಿಕೆ ವ್ಯಾಪಾರಿಗಳನ್ನೂ, ಕುಣಿಗಲ್ಲಿನ ಗೊಬ್ಬರದ ಅಂಗಡಿಯವರನ್ನೂ ಗಿರಾಕಿಗಳನ್ನಾಗಿ ಪಡೆಯಿತು. ಅದರ ವಿಷಯ ಕನ್ನಡದಲ್ಲಿ ಬರೆದವರು ಕಡಿಮೆ. ನಾನು ಪಾಠ ಹೇಳಿದ ಮಕ್ಕಳಲ್ಲಿ ಎಂಜಿನಿಯರ್‌ಗಳಾದವರು ಉಂಟು, ಅವರ ಬಗ್ಗೆ ನನಗೆ ಹೆಮ್ಮೆಯೂ ಉಂಟು. ಆದರೆ ‘ಟ್ಯಾಲಿ’ ಕಲಿತು ಅನ್ನದ ದಾರಿ ಕಂಡುಕೊಂಡವರ ಸಂಖ್ಯೆ ಅದಕ್ಕಿಂತ ದೊಡ್ಡದು. ಈ ಬರಹ ಅವರಿಗಾಗಿ.

ಮೊದಲು ಟ್ಯಾಲಿಗಿಂತ ಹಿಂದಿನ ಸ್ಥಿತಿಯನ್ನು ಹೇಳಬೇಕು. ಇಂದಿನ ಹುಡುಗರು ಅದನ್ನು ಕಂಡಿಲ್ಲ. ಮಂಡಿಯಲ್ಲಿ ದಿನದ ವ್ಯವಹಾರವನ್ನೆಲ್ಲ ಕಿರ್ದಿ ಪುಸ್ತಕದಲ್ಲಿ ಜಮೆ-ಖರ್ಚೆಂದು ಬರೆಯುತ್ತಿದ್ದರು. ಅಲ್ಲಿಂದ ಒಂದೊಂದು ಬಾಬನ್ನೂ ಆಯಾ ಹೆಸರಿನ ಖಾತೆಗೆ ಏರಿಸಬೇಕು. ವರ್ಷಾಂತ್ಯದಲ್ಲಿ ಖಾತೆಗಳ ಶಿಲ್ಕುಗಳನ್ನೆಲ್ಲ ಕೂಡಿಸಿ ತಾಳೆಪಟ್ಟಿ ಮಾಡಬೇಕು. ಎರಡು ಕಡೆಯ ಮೊತ್ತಗಳು ಸರಿಹೊಂದಿದರೆ ಗುಮಾಸ್ತನ ಜನ್ಮ ಸಾರ್ಥಕ. ಹೊಂದದಿದ್ದರೆ ರಾತ್ರಿಯೆಲ್ಲ ದೀಪ ಹಚ್ಚಿ ಹುಡುಕಾಟ. ಇದರಲ್ಲಿ ಒಂದು ಗಣಿತದ ಸ್ವಾರಸ್ಯವಿತ್ತು. ವ್ಯತ್ಯಾಸದ ಮೊತ್ತ 9ರಿಂದ ನಿಶ್ಶೇಷವಾಗಿ ಭಾಗವಾದರೆ ಎಲ್ಲಿಯೋ ಅಂಕಿಗಳು ಅದಲುಬದಲಾಗಿರಬಹುದೆಂದು ಅನುಭವಿ ಗುಮಾಸ್ತರು ಊಹಿಸುತ್ತಿದ್ದರು: 54 ಬರೆಯುವಲ್ಲಿ 45 ಬರೆದರೆ ವ್ಯತ್ಯಾಸ 9, 730ರ ಬದಲು 370 ಬರೆದರೆ 360. ವ್ಯತ್ಯಾಸವು ಎರಡರಿಂದ ಭಾಗವಾಗಿ, ಅದರ ಅರ್ಧದಷ್ಟು ಮೊತ್ತದ ಬಾಬು ಪುಸ್ತಕದಲ್ಲಿ ಸಿಕ್ಕರೆ, ಅದು ಖರ್ಚಿನ ಬದಲು ಜಮೆಗೆ ಹೋಗಿದೆಯೆಂಬ ಸಂಶಯ. ಈ ಉಪಾಯವನ್ನು ನಾನು ಕಲಿತದ್ದು ಪಠ್ಯಪುಸ್ತಕದಿಂದಲ್ಲ, ಮಂಡಿಪೇಟೆಯ ವೃದ್ಧ ಗುಮಾಸ್ತರೊಬ್ಬರಿಂದ. ಒಂಬತ್ತರ ಭಾಜ್ಯತೆಯ ಪಾಠ ಬಂದಾಗಲೆಲ್ಲ ತರಗತಿಯಲ್ಲಿ ಅದನ್ನು ಹೇಳುತ್ತಿದ್ದೆ, ಕೆಲವರಿಗಾದರೂ ನೆನಪಿರಬಹುದು.

ಇನ್ನು ಕಂಪನಿಯ ಹುಟ್ಟು. ಶ್ಯಾಮ್ ಸುಂದರ್ ಗೋಯೆಂಕಾ ಎಂಬ ಉದ್ಯಮಿ ಕಾರ್ಖಾನೆಗಳಿಗೂ ಜವಳಿ ಗಿರಣಿಗಳಿಗೂ ಕಚ್ಚಾವಸ್ತು ಮತ್ತು ಯಂತ್ರದ ಬಿಡಿಭಾಗಗಳನ್ನು ಪೂರೈಸುತ್ತಿದ್ದರು. ತಮ್ಮ ಲೆಕ್ಕಪತ್ರಕ್ಕೆ ಒಗ್ಗುವ ತಂತ್ರಾಂಶ ಪೇಟೆಯಲ್ಲಿ ಸಿಗದಿದ್ದಾಗ ಗಣಿತ ಪದವೀಧರನಾಗಿದ್ದ ಮಗ ಭರತ್ ಗೋಯೆಂಕಾರಿಗೆ ಅದನ್ನು ರಚಿಸುವಂತೆ ಹೇಳಿದರು. 1986ರಲ್ಲಿ ಬೆಂಗಳೂರಿನಲ್ಲಿ ತಂದೆ ಮಗ ಸೇರಿ ‘ಪ್ಯೂಟ್ರಾನಿಕ್ಸ್’ ಎಂಬ ಸಂಸ್ಥೆಯನ್ನು ಆರಂಭಿಸಿದರು. ಮೊದಲ ತಂತ್ರಾಂಶದ ಹೆಸರು ಪ್ಯೂಟ್ರಾನಿಕ್ಸ್ ಫೈನಾನ್ಶಿಯಲ್ ಅಕೌಂಟೆಂಟ್. ಟ್ಯಾಲಿ ಎಂಬ ನಾಮಕರಣ ಆಮೇಲಿನದು. ಅದು ಡಾಸ್ ಕಾಲದ ಕಂಪ್ಯೂಟರುಗಳಲ್ಲಿ, ಕಪ್ಪು ಪರದೆಯ ಮೇಲೆ, ಇಲಿಯ ಸಹಾಯವಿಲ್ಲದೆ ಕೀಲಿಮಣೆಯಿಂದಲೇ ನಡೆಯುತ್ತಿತ್ತು. ಕಂಪನಿ ‘ಟ್ಯಾಲಿ ಸೊಲ್ಯೂಷನ್ಸ್’ ಎಂಬ ಹೆಸರನ್ನು ತಳೆದದ್ದು 1999ರಲ್ಲಿ. ಭರತ್ ಗೋಯೆಂಕಾರಿಗೆ 2020ರಲ್ಲಿ ಪದ್ಮಶ್ರೀ ಸಂದಿತು.

ಕನ್ನಡಿಗರಿಗೆ ಈ ಹೆಸರಿನಲ್ಲೊಂದು ತಮಾಷೆಯಿದೆ. ಇಂಗ್ಲಿಷಿನ ಟ್ಯಾಲಿ ಎಂಬ ಶಬ್ದದ ಮೂಲ ಲ್ಯಾಟಿನ್. ಲೆಕ್ಕಕ್ಕಾಗಿ ಗೀರು ಹಾಕುತ್ತಿದ್ದ ಕಡ್ಡಿಯಿಂದ ಬಂದದ್ದು. ನಮ್ಮ ‘ತಾಳೆ’ ಅದರ ನೆಂಟನಲ್ಲ, ಬರಿಯ ಧ್ವನಿಸಾಮ್ಯ. ಆದರೂ ‘ಲೆಕ್ಕ ತಾಳೆಯಾಯಿತೇ’ ಎಂದು ಕೇಳುವ ಊರಿನಲ್ಲಿ ಆ ಹೆಸರು ಹೊರಗಿನದೆಂದು ಯಾರಿಗೂ ಅನ್ನಿಸಲಿಲ್ಲ.

ಆ ಕಾಲದಲ್ಲಿ ಬೇರೆ ಲೆಕ್ಕದ ತಂತ್ರಾಂಶಗಳೂ ಇದ್ದವು. ಅವುಗಳಲ್ಲಿ ಪ್ರತಿ ಖಾತೆಗೂ ಒಂದು ಸಂಕೇತ ಸಂಖ್ಯೆ ಕೊಡಬೇಕಾಗಿತ್ತು. ಹಮಾಲಿ ಖರ್ಚು ಎಂದರೆ ಯಾವುದೋ ನಾಲ್ಕಂಕಿಯ ಸಂಖ್ಯೆ, ಬಾಡಿಗೆ ಎಂದರೆ ಮತ್ತೊಂದು. ಸಂಖ್ಯೆಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಳ್ಳದೆ ಒಂದು ಸಾಲನ್ನೂ ಬರೆಯುವಂತಿರಲಿಲ್ಲ. ಗೋಯೆಂಕಾರು ಈ ಸಂಕೇತಗಳನ್ನೇ ತೆಗೆದುಹಾಕಿದರು. ಖಾತೆಗೆ ಅದರ ಹೆಸರೇ ಗುರುತು; ಗುಮಾಸ್ತನು ‘ಹಮಾಲಿ’ ಎಂದು ಬರೆಯತೊಡಗಿದರೆ ಪಟ್ಟಿಯಿಂದ ಅದು ತಾನಾಗಿ ಎದ್ದು ಬರುತ್ತದೆ. ನಮೂದನ್ನು ಒಪ್ಪಿಸಿದ ಕ್ಷಣವೇ ಖಾತೆ, ತಾಳೆಪಟ್ಟಿ, ಅಢಾವೆ ಪತ್ರಿಕೆ ಎಲ್ಲವೂ ಬದಲಾಗುತ್ತವೆ. ಎರಡು ಕಡೆಯ ಮೊತ್ತ ಸಮವಾಗದ ನಮೂದನ್ನು ಅದು ಸ್ವೀಕರಿಸುವುದೇ ಇಲ್ಲ; ಆದ್ದರಿಂದ ಒಂಬತ್ತರ ಉಪಾಯಕ್ಕೆ ಅಲ್ಲಿ ಕೆಲಸವಿಲ್ಲದಾಯಿತು. (ಎರಡು ಕಡೆಯೂ ಒಂದೇ ತಪ್ಪು ಅಂಕಿ ಬರೆದರೆ ಯಂತ್ರಕ್ಕೆ ಅದು ತಿಳಿಯುವುದಿಲ್ಲ. ಆ ವಿಷಯದಲ್ಲಿ ಕಿರ್ದಿಯೂ ಟ್ಯಾಲಿಯೂ ಸಮಾನರು.) ಕಂಪನಿಯ ಬೆಳವಣಿಗೆಗೆ ಜಾಹೀರಾತಿಗಿಂತ ಇದೇ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ. ಗುಮಾಸ್ತನು ಯಂತ್ರದ ಭಾಷೆ ಕಲಿಯಬೇಕಾಗಲಿಲ್ಲ. ಮಂಡಿಯಲ್ಲಿ ಬಳಸುತ್ತಿದ್ದ ಮಾತಿಗೆ ಯಂತ್ರವೇ ಬಗ್ಗಿತು.

ಈಚೆಗೆ ‘ಲೋ-ಕೋಡ್’ ಎಂಬ ಮಾತು ಬಳಕೆಗೆ ಬಂದಿದೆ. ಅಂದರೆ ಪ್ರೋಗ್ರಾಂ ಬರೆಯುವ ಪಂಡಿತರಲ್ಲದವರೂ ಅಲ್ಪಸ್ವಲ್ಪ ಬರವಣಿಗೆಯಿಂದ ತಮ್ಮ ವ್ಯವಹಾರಕ್ಕೆ ಬೇಕಾದ ತಂತ್ರಾಂಶವನ್ನು ರೂಪಿಸಿಕೊಳ್ಳುವ ಪದ್ಧತಿ. ಫಾರೆಸ್ಟರ್ ಎಂಬ ಅಮೆರಿಕದ ಸಂಶೋಧನಾ ಸಂಸ್ಥೆ 2014ರಲ್ಲಿ ಈ ಹೆಸರಿಟ್ಟಿತು. ಹೆಸರು ಹೊಸದಾದರೂ ಆ ಗುಣ ಟ್ಯಾಲಿಯಲ್ಲಿ ಮೊದಲೇ ಇತ್ತೆಂದು ನಾನು ಧೈರ್ಯವಾಗಿ ಹೇಳುತ್ತೇನೆ. ಅದರೊಳಗೆ ಟಿಡಿಎಲ್ ಎಂಬ ಪುಟ್ಟ ಭಾಷೆಯಿದೆ. ಸಾಮಾನ್ಯ ಪ್ರೋಗ್ರಾಮಿನಲ್ಲಿ ಯಾವ ಕೆಲಸವನ್ನು ಹೇಗೆ ಮಾಡಬೇಕೆಂದು ಹೆಜ್ಜೆಹೆಜ್ಜೆಗೆ ಹೇಳಬೇಕು. ಟಿಡಿಎಲ್‌ನಲ್ಲಿ ಬಹುಮಟ್ಟಿಗೆ ಯಾವ ನಮೂನೆಯ ಯಾವ ಸಾಲಿನಲ್ಲಿ ಯಾವ ಕಲಮು ಇರಬೇಕೆಂದು ವರ್ಣಿಸಿದರೆ ಸಾಕು. ಟ್ಯಾಲಿಯ ಪರದೆಗಳೇ ಆ ಭಾಷೆಯಲ್ಲಿ ರಚಿತವಾದವು. ಅದನ್ನು ಕಂಪನಿ ಹೊರಗಿನವರಿಗೂ ತೆರೆದಿಟ್ಟಿತು. ಅಡಿಕೆ ವ್ಯಾಪಾರಿಗೆ ಬಿಲ್ಲಿನಲ್ಲಿ ಚೀಲದ ಲೆಕ್ಕ ಬೇಕು, ತೂಕ ಬೇಕು, ಹಮಾಲಿ ಬೇರೆ ಸಾಲಿನಲ್ಲಿ ಬೇಕು; ಅಕ್ಕಿ ಗಿರಣಿಯವರಿಗೆ ತೌಡು-ನುಚ್ಚುಗಳ ಲೆಕ್ಕ ಬೇರೆ. ಇಂಥ ಮಾರ್ಪಾಟುಗಳಿಗೆ ಬೆಂಗಳೂರಿನ ಮುಖ್ಯ ಕಚೇರಿಯವರು ಬರಬೇಕಾಗಿಲ್ಲ. ಸ್ಥಳೀಯ ಮಾರಾಟಗಾರನೊಬ್ಬ ಒಂದು ಮಧ್ಯಾಹ್ನ ಕುಳಿತು ಮಾಡಿಕೊಡಬಲ್ಲ. ಹೀಗೆ ಕಂಪನಿಯ ಸುತ್ತ ಊರೂರಿನಲ್ಲಿ ಸಣ್ಣ ಉಪಜೀವಿಗಳ ಬಳಗ ಹುಟ್ಟಿತು. ‘ಕಂಪನಿ’ ಎಂದರೆ ವೀರಣ್ಣನವರ ನಾಟಕ ಕಂಪನಿಯೆಂದೇ ಬಹುಕಾಲ ತಿಳಿದಿದ್ದ ಗುಬ್ಬಿಯಲ್ಲಿಯೂ!

ಆದರೆ ಮಂಡಿಯ ಯಜಮಾನರು ಕಂಪ್ಯೂಟರಿಗೆ ಒಲಿದದ್ದು ಪ್ರೀತಿಯಿಂದಲ್ಲ, ತೆರಿಗೆಯ ಭಯದಿಂದ. ಕರ್ನಾಟಕದಲ್ಲಿ 2005ರ ಏಪ್ರಿಲ್ 1ರಿಂದ ಹಳೆಯ ಮಾರಾಟ ತೆರಿಗೆಯ ಸ್ಥಾನದಲ್ಲಿ ಮೌಲ್ಯವರ್ಧಿತ ತೆರಿಗೆ, ಅಂದರೆ ವ್ಯಾಟ್, ಜಾರಿಗೆ ಬಂದಿತು. ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಮಾರುವಾಗ ಸಂಗ್ರಹಿಸಿದ ತೆರಿಗೆಯಿಂದ ಕಳೆದು ಉಳಿದದ್ದನ್ನು ಸರ್ಕಾರಕ್ಕೆ ಕಟ್ಟಬೇಕು. ಶೇಕಡ 1, 4 ಮತ್ತು 12.5ರ ದರಗಳು, ಪ್ರತಿಯೊಂದು ಬಿಲ್ಲಿಗೂ ಲೆಕ್ಕ. ಕೈಬರಹದ ಪುಸ್ತಕದಲ್ಲಿ ಇದು ಅಸಾಧ್ಯವೇನಲ್ಲ, ಆದರೆ ಪ್ರತಿ ತಿಂಗಳೂ ದೀಪಾವಳಿಯ ರಾತ್ರಿಯಂತಾಗುತ್ತಿತ್ತು. ಅದೇ ವರ್ಷ ಕಂಪನಿ ವ್ಯಾಟ್ ಲೆಕ್ಕವನ್ನೊಳಗೊಂಡ 7.2ನೆಯ ಆವೃತ್ತಿಯನ್ನು ಹೊರತಂದಿತು. ಮರುವರ್ಷ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಅದು ಲಭ್ಯವಾಯಿತು. ನಮ್ಮವರು ಕನ್ನಡದ ಪರದೆಯನ್ನು ಬಳಸಿದ್ದನ್ನು ಮಾತ್ರ ನಾನು ಕಂಡದ್ದು ಅಪರೂಪ. ಇಂಗ್ಲಿಷ್ ಅಕ್ಷರಗಳಲ್ಲಿಯೇ ‘ಹಮಾಲಿ ಖರ್ಚು’, ‘ದೇವರ ಹುಂಡಿ’ ಎಂದು ಖಾತೆ ತೆರೆದು ಸುಖವಾಗಿದ್ದರು. ಇದು ನನಗೆ ಬೇಸರದ ಸಂಗತಿ. ಸಾಧನವಿದ್ದೂ ಬಳಸದಿರುವುದು ನಮ್ಮ ಹಳೆಯ ಚಾಳಿ.

ಆ ವರ್ಷಗಳಲ್ಲಿ ತಾಲ್ಲೂಕು ಕೇಂದ್ರಗಳಲ್ಲಿ ಮಹಡಿಯ ಮೇಲಿನ ಒಂದು ಕೋಣೆ, ನಾಲ್ಕು ಕಂಪ್ಯೂಟರು, ‘ಇಲ್ಲಿ ಟ್ಯಾಲಿ ಕಲಿಸಲಾಗುವುದು’ ಎಂಬ ಫಲಕ ಸಾಮಾನ್ಯ ದೃಶ್ಯವಾಯಿತು. ಅಂಥ ಕೋಣೆಗಳಲ್ಲಿ ಅನಧಿಕೃತ ಪ್ರತಿಗಳು ಎಷ್ಟಿದ್ದವೋ ದೇವರೇ ಬಲ್ಲ. ಕಂಪನಿಗೆ ಅದರಿಂದ ನಷ್ಟವಾಯಿತೆಂಬುದು ನಿಜ. ಕಲಿತವರು ಮುಂದೆ ಕೆಲಸಕ್ಕೆ ಸೇರಿದ ಅಂಗಡಿಗೆ ಟ್ಯಾಲಿಯನ್ನೇ ತರಿಸಿದರೆಂಬುದೂ ನಿಜ. ಎಫ್5 ಒತ್ತಿದರೆ ಪಾವತಿ, ಎಫ್6 ರಸೀದಿ, ಎಫ್8 ಮಾರಾಟ, ಎಫ್9 ಖರೀದಿ ಎಂದು ಮಕ್ಕಳು ಮಗ್ಗಿಯಂತೆ ಬಾಯಿಪಾಠ ಮಾಡುತ್ತಿದ್ದರು.

ಇದರ ನಿಜವಾದ ಫಲ ದೊರೆತದ್ದು ಹೆಣ್ಣುಮಕ್ಕಳಿಗೆ. ಮಂಡಿಯ ಗಾದಿಯ ಮೇಲೆ ಕಾಲು ಮಡಿಸಿ ಕುಳಿತು ಕಿರ್ದಿ ಬರೆಯುವ ಕೆಲಸಕ್ಕೆ ನಾನು ಕಂಡಂತೆ ಒಬ್ಬ ಹೆಂಗಸನ್ನೂ ಯಾರೂ ಕರೆದಿರಲಿಲ್ಲ. ಮೇಜು-ಕುರ್ಚಿ-ಕಂಪ್ಯೂಟರು ಬಂದ ಮೇಲೆ ಪಿಯುಸಿ ಕಾಮರ್ಸ್ ಮುಗಿಸಿದ ಹುಡುಗಿಯರು ಲೆಕ್ಕಪರಿಶೋಧಕರ ಕಚೇರಿಗೂ ಅಂಗಡಿಗೂ ಬಸ್ಸು ಹತ್ತಿ ಹೋಗತೊಡಗಿದರು. ಕುಣಿಗಲ್ ಕಡೆಯ ನನ್ನ ಶಿಷ್ಯೆಯೊಬ್ಬಳು ಇದೇ ಕೆಲಸದಿಂದ ಇಬ್ಬರು ತಮ್ಮಂದಿರನ್ನು ಓದಿಸಿದಳು. ಇನ್ನೊಂದು ಕಡೆ ಒಂಬತ್ತರ ಉಪಾಯ ಕಲಿಸಿದ ಆ ಗುಮಾಸ್ತರಂಥವರ ಮಾತಿಗೆ ಬೆಲೆ ಕುಗ್ಗಿತು. ಅವರಲ್ಲಿ ಕೆಲವರನ್ನು ಯಜಮಾನರು ಬಾಕಿ ವಸೂಲಿಗೆ ಹಚ್ಚಿದರು. ಕೆಲವರು ಮನೆಯಲ್ಲಿ ಕುಳಿತರು. ಒಂದೇ ತಂತ್ರಾಂಶ ಒಬ್ಬರಿಗೆ ಕೊಟ್ಟದ್ದನ್ನು ಇನ್ನೊಬ್ಬರಿಂದ ಪಡೆದಿತ್ತು.

2009ರಲ್ಲಿ ಟ್ಯಾಲಿ ಇಆರ್‌ಪಿ 9, 2020ರಲ್ಲಿ ಟ್ಯಾಲಿ ಪ್ರೈಮ್ ಬಂದವು. ಇವುಗಳ ನಡುವೆ 2017ರ ಜುಲೈ 1ರಂದು ಜಿಎಸ್‌ಟಿ ಬಂದಿತು. ಚಿಪ್ಪಿನ ತೆಂಗಿನಕಾಯಿಗೆ ತೆರಿಗೆಯಿಲ್ಲ, ಅದೇ ಕಾಯಿ ಕೊಬ್ಬರಿಯಾದರೆ ಶೇಕಡ 5 ಎಂಬ ಸೂಕ್ಷ್ಮ ನಮ್ಮ ಜಿಲ್ಲೆಯವರಿಗೆ ಬೇಗ ಅರ್ಥವಾಯಿತು. 2018ರ ಏಪ್ರಿಲ್ 1ರಿಂದ ರಾಜ್ಯದೊಳಗಿನ ಸರಕು ಸಾಗಣೆಗೂ ಇ-ವೇ ಬಿಲ್ಲನ್ನು ಜಾರಿಗೊಳಿಸಿದ ಮೊದಲ ರಾಜ್ಯ ಕರ್ನಾಟಕ. ಹಿಂದೆ ಲೆಕ್ಕ ಬರೆಯುವುದು ಮಾಲು ಹೊರಟ ಮೇಲಿನ ಕೆಲಸವಾಗಿತ್ತು. ಆಮೇಲೆ ಲೆಕ್ಕವಿಲ್ಲದೆ ಲಾರಿಯೇ ಹೊರಡದಂತಾಯಿತು. ಕಂಪನಿಯ ಗಿರಾಕಿಗಳು 20 ಲಕ್ಷ ದಾಟಿದರೆಂದು ಅವರೇ ಹೇಳಿಕೊಳ್ಳುತ್ತಾರೆ.

ಹಳೆಯ ಕಿರ್ದಿಯಲ್ಲಿದ್ದ ಒಂದು ಗುಣ ಟ್ಯಾಲಿಯಲ್ಲಿ ಬಹುಕಾಲ ಇರಲಿಲ್ಲ. ಮಸಿಯಲ್ಲಿ ಬರೆದುದನ್ನು ಅಳಿಸುವಂತಿರಲಿಲ್ಲ. ಹೊಡೆದುಹಾಕಿದ ಗೆರೆಯಾದರೂ ಉಳಿಯುತ್ತಿತ್ತು, ಪುಟ ಹರಿದರೆ ಸಂಖ್ಯೆ ತಪ್ಪುತ್ತಿತ್ತು. ಟ್ಯಾಲಿಯಲ್ಲಾದರೋ ಎರಡು ಕೀಲಿ ಒತ್ತಿದರೆ ಹಿಂದಿನ ವರ್ಷದ ನಮೂದೂ ಮಾಯ. ವರ್ತಕರಿಗೆ ಈ ಸೌಕರ್ಯ ಬಹಳ ಪ್ರಿಯವಾಗಿತ್ತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. 2023ರ ಏಪ್ರಿಲ್ 1ರಿಂದ, ಕಂಪನಿ ಕಾಯಿದೆಯಡಿ ನೋಂದಾಯಿತವಾದ ಸಂಸ್ಥೆಗಳು ಬಳಸುವ ಲೆಕ್ಕದ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯ ಗುರುತೂ ಅಳಿಯದೆ ಉಳಿಯಬೇಕೆಂದು ಕೇಂದ್ರ ಸರ್ಕಾರ ಕಡ್ಡಾಯ ಮಾಡಿತು. ಟ್ಯಾಲಿಯೂ ಅದಕ್ಕಾಗಿ ‘ಎಡಿಟ್ ಲಾಗ್’ ಎಂಬ ಏರ್ಪಾಟನ್ನು ತಂದಿದೆ. ಒಬ್ಬರೇ ಮಾಲೀಕರಿರುವ ಅಂಗಡಿಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಮಂಡಿಪೇಟೆಯಲ್ಲಿ ನಾನು ಬಲ್ಲ ಅಂಗಡಿಗಳೆಲ್ಲ ಬಹುತೇಕ ಅಂಥವೇ. ತುಮಕೂರಿನಲ್ಲಿ ಲೆಕ್ಕಪರಿಶೋಧಕನಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಕಕ್ಷಿದಾರರಿಗೆಲ್ಲ ಅದನ್ನು ಹಾಕಿಸಿಕೊಳ್ಳಲು ಹೇಳುತ್ತಿದ್ದಾನಂತೆ. ಈವರೆಗೆ ಒಪ್ಪಿದವರು ಮೂವರು.