ಕಲಾಸ್ಥಳದ ಕಡತ: ನಾಸಿಕ, ಅಜಂತಾ

ಪ್ರದರ್ಶನ ಮುಗಿದೊಡನೆ ಕಳಚಿಹೋಗುವ ಸಮಕಾಲೀನ ಕಲಾಕೃತಿಗೆ ಆಮಂತ್ರಣಪತ್ರ, ಛಾಯಾಚಿತ್ರ, ಸಂದರ್ಶಕರ ಪುಸ್ತಕಗಳೇ ಆಕರ. ಇವುಗಳನ್ನು ಕಾಪಾಡುವ ಹೊಣೆ ಕಲಾಸ್ಥಳದ್ದೆಂಬ ವಿಚಾರ ಹೊಸದೇನಲ್ಲ. ನಾಸಿಕದ ಪಾಂಡವಲೇಣಿಯ ಹತ್ತನೆಯ ಗುಹೆಯನ್ನು ನಹಪಾನನ ಅಳಿಯ ಉಷವದಾತನು ದಾನವಿತ್ತನು. ಅಲ್ಲಿನ ಭಿಕ್ಷುಗಳಿಗಾಗಿ ಅವನು ಗೋವರ್ಧನದ ನೇಕಾರ ಶ್ರೇಣಿಗಳಲ್ಲಿ 3000 ಕಾರ್ಷಾಪಣಗಳನ್ನು ಬಡ್ಡಿಗಿರಿಸಿದುದನ್ನು ನಿಗಮಸಭೆಯಲ್ಲಿ ಸಾರಿ, ಫಲಕಗಳಲ್ಲಿ ದಾಖಲಿಸಲಾಯಿತೆಂದು ಗುಹೆಯ ಶಾಸನವೇ ಹೇಳುತ್ತದೆ. ಆ ಫಲಕಗಳು ಅಳಿದವು. ಕಲ್ಲಿನ ಪ್ರತಿ ಉಳಿಯಿತು.

ಛತ್ರಪತಿ ಸಂಭಾಜಿನಗರ ಜಿಲ್ಲೆಯ ಅಜಂತಾದ ಕಥೆ ಇದಕ್ಕೆ ವಿಪರೀತ. ರಾಬರ್ಟ್ ಗಿಲ್ 1844ರ ನಂತರ ವರ್ಷಗಟ್ಟಲೆ ದುಡಿದು ರಚಿಸಿದ ಚಿತ್ರಪ್ರತಿಗಳಲ್ಲಿ ಬಹುಪಾಲು 1866ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಬೆಂಕಿಗೆ ಆಹುತಿಯಾದವು. ಗ್ರಿಫಿತ್ಸ್ ಮತ್ತು ಮುಂಬಯಿ ಕಲಾಶಾಲೆಯ ವಿದ್ಯಾರ್ಥಿಗಳು 1872ರಿಂದ ಮತ್ತೆ ಬರೆದರು. ಅವುಗಳಲ್ಲಿಯೂ ಅನೇಕವು 1885ರಲ್ಲಿ ಅದೇ ನಗರದಲ್ಲಿಯೇ ಸುಟ್ಟವು. ಒಮ್ಮೆ ಸುಟ್ಟ ಮೇಲೂ ಪಾಠ ಕಲಿಯಲಿಲ್ಲವೆನ್ನಬೇಕು! ಇಂದಿನ ಗ್ಯಾಲರಿಗಳು ತಮ್ಮ ಕಡತಗಳ ಪ್ರತಿಗಳನ್ನು ಎರಡು ಊರುಗಳಲ್ಲಾದರೂ ಇರಿಸಬೇಕೆಂದು ನಾವು ಕೇಳುವುದು ಇದರಿಂದಲೇ.